ಸೋಷಿಯಾಲಜಿ ಜೊತೆ ಕ್ರಿಮಿನಾಲಜಿ: ಎರಡನ್ನೂ ಒಟ್ಟಿಗೆ ಓದೋರು ಎಲ್ಲಿಂದ ಶುರು ಮಾಡ್ಬೇಕು, ಹೇಗೆ ಓದ್ಬೇಕು

ಸೋಷಿಯಾಲಜಿ (ಸಮಾಜಶಾಸ್ತ್ರ) ಮತ್ತು ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಎರಡೂ ಸೇರಿರೋ ಡಿಗ್ರಿ ತಗೋಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿರೋರಿಗೆ, ಇಲ್ಲಾ ಆಗ್ಲೇ ಸೇರ್ಕೊಂಡು ಮೊದಲ ಸೆಮಿಸ್ಟರಲ್ಲೇ ರೀಡಿಂಗ್ ಲಿಸ್ಟ್ ನೋಡಿ ತಲೆ ಮೇಲೆ ಕೈ ಇಟ್ಕೊಂಡು ಕೂತಿರೋರಿಗೆ ಇದನ್ನ ಬರೀತಿದ್ದೀನಿ. ಸುಮಾರು ಜನ ಇವೆರಡನ್ನೂ ಬೇರೆ ಬೇರೆ ಪೇಪರ್ ತರ ಓದ್ತಾರೆ, ಎರಡು ನೋಟ್‌ಬುಕ್ಕು, ಎರಡು ಟೈಮ್ ಟೇಬಲ್ಲು, ಎಕ್ಸಾಮ್ ಹತ್ರ ಬಂದಾಗ ಎರಡೆರಡು ಸಲ ಉರು ಹೊಡೆಯೋದು, ಆಮೇಲೆ ಯಾಕಪ್ಪಾ ಬೇಕಿತ್ತು ಈ ಜಾಯಿಂಟ್ ಡಿಗ್ರಿ ಅಂತ ಗೊಣಗೋದು. ನನ್ನ ಪ್ರಕಾರ ಇದನ್ನ ಓದೋ ರೀತಿನೇ ಬೇರೆ. ಒಂದು ಘಟನೆ ಇಟ್ಕೊಳ್ಳಿ, ಅದಕ್ಕೆ ಎರಡೂ ಕಡೆಯಿಂದ ಪ್ರಶ್ನೆ ಹಾಕೋದು ಕಲೀರಿ, ಅರ್ಧ ಓದು ಅಲ್ಲೇ ಮುಗಿಯತ್ತೆ.

ಮೊದಲು: ಸೇರೋಕ್ ಮುಂಚೆ ಸಿಲಬಸ್ ಬಿಚ್ಚಿ ನೋಡಿ

ಕೋರ್ಸ್ ಹೆಸರು ನೋಡಿ ಮರುಳಾಗ್ಬೇಡಿ. ಆ ಯೂನಿವರ್ಸಿಟಿಲಿ ಕ್ರಿಮಿನಾಲಜಿ ಯಾವ ಡಿಪಾರ್ಟ್‌ಮೆಂಟ್ ಕೈಲಿದೆ ಅನ್ನೋದನ್ನ ಮೊದಲು ನೋಡಿ, ಯಾಕಂದ್ರೆ ಅದರ ಮೇಲೆ ಎಲ್ಲಾ ನಿಂತಿರತ್ತೆ. ಕಾನೂನು ವಿಭಾಗದಲ್ಲಿದ್ರೆ ಕ್ರಿಮಿನಲ್ ಲಾ, ಕೋರ್ಟಿನ ಪ್ರಕ್ರಿಯೆ, ಶಿಕ್ಷೆ ಇವೇ ಜಾಸ್ತಿ ಬರ್ತವೆ, ಸೈಕಾಲಜಿ ಕಡೆ ಇದ್ರೆ ಅಪರಾಧ ಮಾಡಿದವರ ಮನಸ್ಸು, ವರ್ತನೆ ಕಡೆ ವಾಲತ್ತೆ, ಸಮಾಜಶಾಸ್ತ್ರದ ಕೆಳಗೇ ಇದ್ರೆ ಅಸಮಾನತೆ, ಪೊಲೀಸ್ ವ್ಯವಸ್ಥೆ, ಸರ್ಕಾರ, ಜೈಲು ಇವುಗಳ ಸುತ್ತ ತಿರುಗತ್ತೆ. ಮೂರೂ ಒಳ್ಳೇದೇ, ಆದ್ರೆ ನಿಮಗೆ ಬೇಕಾಗಿರೋದು ಯಾವುದು ಅಂತ ಗೊತ್ತಿರ್ಬೇಕಲ್ವಾ.

ಆಮೇಲೆ ಎರಡು ಸಬ್ಜೆಕ್ಟಿಗೂ ಸಮ ಪಾಲು ಇದ್ಯಾ ಅಥವಾ ಒಂದು ಮೇಜರ್ ಒಂದು ಮೈನರ್ರಾ, ರಿಸರ್ಚ್ ಮೆಥಡ್ಸ್ ಪೇಪರ್ ಎರಡಕ್ಕೂ ಕಾಮನ್ನಾ, ಡಿಸರ್ಟೇಶನ್ (ಕೊನೇ ವರ್ಷ ನೀವೇ ಮಾಡಿ ಬರೆಯೋ ಸಂಶೋಧನಾ ಪ್ರಬಂಧ) ಕಂಪಲ್ಸರಿನಾ, ಆಗಿದ್ರೆ ಎರಡೂ ಸಬ್ಜೆಕ್ಟ್ ಸೇರಿಸಿ ಒಂದೇ ಟಾಪಿಕ್ ಮಾಡೋಕ್ ಬಿಡ್ತಾರಾ ಅಂತ ಕೇಳಿ. ಈ ಕೊನೇ ಪ್ರಶ್ನೆನ ಯಾರೂ ಕೇಳಲ್ಲ, ಫೈನಲ್ ಇಯರ್ ಬಂದಾಗ ಒದ್ದಾಡ್ತಾರೆ.

ಇನ್ನೊಂದ್ ಮಾತು. ಕ್ರೈಮ್ ಸೀನಲ್ಲಿ ಗ್ಲೌಸ್ ಹಾಕ್ಕೊಂಡು ಬೆರಳಚ್ಚು ಎತ್ತೋದು, ಡಿಎನ್‌ಎ ಟೆಸ್ಟು, ರಕ್ತದ ಕಲೆ ಇವೆಲ್ಲಾ ಫೋರೆನ್ಸಿಕ್ ಸೈನ್ಸು, ಅದಕ್ಕೆ ಕೆಮಿಸ್ಟ್ರಿ ಬಯಾಲಜಿ ಬೇಕು. ಸೀರಿಯಲ್ ಕಿಲ್ಲರ್ ಡಾಕ್ಯುಮೆಂಟರಿ ನೋಡಿ ಇಲ್ಲಿಗೆ ಬಂದ್ರೆ ಎರಡ್ನೇ ವಾರಕ್ಕೇ ಬೇಜಾರಾಗತ್ತೆ, ಯಾಕಂದ್ರೆ ಇಲ್ಲಿ ಕೊಲೆಗಾರರಿಗಿಂತ ಜಾಸ್ತಿ ಸಣ್ಣ ಕಳ್ಳತನ, ಹುಡುಗರ ಗ್ಯಾಂಗು, ಪೊಲೀಸ್ ಸ್ಟಾಪ್ ಮಾಡೋದು, ಬೇಲ್, ಜೈಲಿಂದ ಬಂದ್ಮೇಲೆ ಕೆಲಸ ಸಿಗದೇ ಇರೋದು ಇಂಥವೇ ಬರೋದು. ನಂಗೇನೋ ಇದೇ ಹೆಚ್ಚು ಇಂಟರೆಸ್ಟಿಂಗು.

ಎರಡ್ನೇದು: ಎರಡಕ್ಕೂ ಸೇರಿ ಒಂದೇ ಟೈಮ್‌ಲೈನ್ ಮಾಡಿ

ದೊಡ್ಡ ಶೀಟ್ ಒಂದು ಗೋಡೆಗೆ ಅಂಟಿಸಿ. ಥಿಯರಿ ಯಾವ ಕ್ಲಾಸಲ್ಲಿ ಬಂದ್ರೂ ಅದೇ ಶೀಟಲ್ಲಿ ಬರೀಬೇಕು. ಹೆಸರು, ವರ್ಷ, ಅದರ ಕೆಳಗೆ ಒಂದೇ ಲೈನು: ಇವ್ನು ಯಾರಿಗೆ ಉತ್ತರ ಕೊಡ್ತಿದ್ದಾನೆ? ಥಿಯರಿಗಳು ಮಧ್ಯದಲ್ಲಿ ಆಕಾಶದಿಂದ ಉದುರಲ್ಲ, ಹಿಂದಿನವ್ನು ಹೇಳಿದ್ದು ಸರಿ ಇಲ್ಲ ಅಂತ ಜಗಳಕ್ಕೆ ನಿಂತಾಗ್ಲೇ ಹುಟ್ಟೋದು, ಆ ಜಗಳ ಗೊತ್ತಾದ್ರೆ ಉರು ಹೊಡೆಯೋ ಅಗತ್ಯನೇ ಇಲ್ಲ.

ಶುರುನಲ್ಲಿ ಇಟಲಿಯ ಚಿಂತಕ ಬೆಕಾರಿಯಾ, 1764. ಚಿತ್ರಹಿಂಸೆ, ಮನಸ್ಸಿಗೆ ಬಂದಂಗೆ ಶಿಕ್ಷೆ ಕೊಡೋ ಕಾಲದಲ್ಲಿ, ಶಿಕ್ಷೆ ಅಪರಾಧಕ್ಕೆ ತಕ್ಕಷ್ಟು ಇರ್ಬೇಕು, ಬೇಗ ಆಗ್ಬೇಕು, ಖಚಿತವಾಗಿ ಆಗ್ಬೇಕು ಅಂದವ್ನು. 1876ಕ್ಕೆ ಇಟಲಿಯ ಡಾಕ್ಟರ್ ಲೊಂಬ್ರೋಸೊ ಬಂದು ಅಪರಾಧಿಗಳು ಹುಟ್ಟಿನಿಂದ್ಲೇ ಹಂಗೆ, ದವಡೆ, ಕಿವಿ ನೋಡಿದ್ರೆ ಗೊತ್ತಾಗತ್ತೆ ಅಂದ. 1913ರಲ್ಲಿ ಇಂಗ್ಲೆಂಡಿನ ಜೈಲು ಡಾಕ್ಟರ್ ಚಾರ್ಲ್ಸ್ ಗೋರಿಂಗ್ ಸಾವಿರಾರು ಕೈದಿಗಳನ್ನ ಅಳತೆ ಮಾಡಿ, ಬೇರೆಯವ್ರ ಜೊತೆ ಹೋಲಿಸಿ, ಅಂಥ ಪ್ರತ್ಯೇಕ ಮುಖ ಏನೂ ಇಲ್ಲ ಅಂತ ತೋರಿಸ್ದ. ಇವರಿಬ್ಬರ ಮಧ್ಯೆ, 1895ರಲ್ಲಿ, ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ ಕೂತಿದ್ದಾನೆ, ಅವ್ನು ಹೇಳಿದ್ದಂತೂ ಮೊದಲ ಸಲ ಓದೋರಿಗೆ ತಲೆ ತಿರುಗಿಸತ್ತೆ: ಅಪರಾಧ ಇಲ್ಲದ ಸಮಾಜನೇ ಇಲ್ಲ, ಸಂತರೇ ತುಂಬಿರೋ ಸಮಾಜ ಇದ್ರೂ ಅಲ್ಲಿ ನಮ್ಮ ಕಣ್ಣಿಗೆ ಸಣ್ಣದಾಗಿ ಕಾಣೋ ತಪ್ಪೇ ದೊಡ್ಡ ಹಗರಣ ಆಗತ್ತೆ. ಇದು ಸೋಷಿಯಾಲಜಿ ಕ್ಲಾಸಲ್ಲೂ ಬರತ್ತೆ ಕ್ರಿಮಿನಾಲಜಿ ಕ್ಲಾಸಲ್ಲೂ ಬರತ್ತೆ, ಎರಡು ನೋಟ್ಸ್ ಯಾಕೆ ಹೇಳಿ.

ಸದರ್ಲ್ಯಾಂಡ್ ಹತ್ರ ಸ್ವಲ್ಪ ಹೊತ್ತು ನಿಲ್ಲಿ. 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರ ಸಂಘದ ಅಧ್ಯಕ್ಷನಾಗಿ ಭಾಷಣಕ್ಕೆ ನಿಂತವ್ನು ಎತ್ತಿದ್ದು ವೈಟ್ ಕಾಲರ್ ಕ್ರೈಮ್ ವಿಷಯ. ಅಲ್ಲೀವರೆಗೂ ಬಡತನದಿಂದ, ಮುರಿದ ಸಂಸಾರದಿಂದ ಅಪರಾಧ ಆಗತ್ತೆ ಅಂತಿದ್ದೋರಿಗೆ ಅವ್ನು ಕೇಳಿದ್ದಿಷ್ಟು, ಸೂಟು ಹಾಕ್ಕೊಂಡು ಕಂಪನಿ ನಡೆಸೋರು ಮಾಡೋ ಮೋಸ ಯಾವ ಬಡತನದಿಂದ ಬಂತು? ಹತ್ತು ವರ್ಷ ಆದ್ಮೇಲೆ 1949ರಲ್ಲಿ ಅಮೆರಿಕದ 70 ದೊಡ್ಡ ಕಂಪನಿಗಳ ಮೇಲಿನ ಅವ್ನ ಅಧ್ಯಯನ ಪುಸ್ತಕವಾಗಿ ಬಂತು, ಆದ್ರೆ ಕೇಸ್ ಬೀಳ್ಬಹುದು ಅನ್ನೋ ಭಯಕ್ಕೆ ಕಂಪನಿಗಳ ಹೆಸರು ತೆಗೆದು, ಹೆಸರು ಸಮೇತ ಪೂರ್ತಿ ರೂಪ ಹೊರಗೆ ಬಂದಿದ್ದು 1983ರಲ್ಲಿ. ಕಳ್ಳನ ಫೋಟೋ ಮರುದಿನ ಪೇಪರಲ್ಲಿ, ಕಂಪನಿ ಹೆಸರು ಬರೋಕೆ 34 ವರ್ಷ. ಈ ಎರಡು ಸಬ್ಜೆಕ್ಟ್‌ನ ಯಾಕೆ ಒಟ್ಟಿಗೆ ಓದ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ಹೇಳೋದು.

ಉಳಿದವ್ರನ್ನ, ಅಂದ್ರೆ ಮರ್ಟನ್ 1938, ಶಾ ಮತ್ತು ಮೆಕೆ 1942, ಬೆಕರ್ 1963, ಹರ್ಷಿ 1969, ಫ್ರಾನ್ಸಿನ ಚಿಂತಕ ಫೂಕೋ 1975, ಕೋಹೆನ್ ಮತ್ತು ಫೆಲ್ಸನ್ 1979, ಕ್ಲಾಸ್ ನಡೀತಾ ನಡೀತಾ ತುಂಬಿಸ್ಕೊಳ್ಳಿ, ಇವ್ರು ಏನಂದ್ರು ಅಂತ ಮುಂದೆ ಬರತ್ತೆ. 1976ರಲ್ಲಿ ಕ್ಯಾರಲ್ ಸ್ಮಾರ್ಟ್ ಹೆಣ್ಣುಮಕ್ಕಳ ಬಗ್ಗೆ ಈ ಶಾಸ್ತ್ರ ಏನೂ ಹೇಳ್ತಿಲ್ಲ, ಹೇಳಿದ್ರೂ ಅಸಂಬದ್ಧ ಅಂತ ತರಾಟೆಗೆ ತಗೊಂಡಿದ್ದನ್ನೂ ಸೇರಿಸಿ, ಅದನ್ನ ಬಿಟ್ಟು ಬರೆಯೋರು ಬಹಳ.

ಮೂರ್ನೇದು: ಒಂದು ಕೇಸ್ ಇಟ್ಕೊಂಡು ಎಲ್ಲರ ಕೈಲೂ ಮಾತಾಡ್ಸಿ

ಇದೇ ಮುಖ್ಯವಾದ ಹೆಜ್ಜೆ, ಇದಕ್ಕೆ ಟೈಮ್ ಕೊಡಿ. ಒಂದು ಸಾದಾ ಘಟನೆ ತಗೊಳ್ಳೋಣ. 17 ವರ್ಷದ ಹುಡುಗ ಒಬ್ಬ ರಶ್ ಇರೋ ಬಸ್ಸಲ್ಲಿ ಪಕ್ಕದವ್ರ ಬ್ಯಾಗಿಂದ ಫೋನ್ ಎಗರಿಸ್ದ, ಸಿಕ್ಕಿಬಿದ್ದ. ಅಷ್ಟೇ ಕಥೆ.

ಕೋಹೆನ್ ಮತ್ತು ಫೆಲ್ಸನ್ ಇದ್ದಿದ್ರೆ ಹುಡುಗನ ಬಾಲ್ಯದ ಬಗ್ಗೆ ಕೇಳ್ತಾನೇ ಇರ್ಲಿಲ್ಲ. ಮೂರು ವಿಷಯ ಒಂದೇ ಜಾಗ, ಒಂದೇ ಟೈಮಲ್ಲಿ ಸೇರಿದ್ವಾ ಅಂತ ನೋಡ್ತಿದ್ರು: ಕದಿಯೋ ಮನಸ್ಸಿರೋನು, ಸುಲಭವಾಗಿ ಸಿಗೋ ಮಾಲು, ತಡೆಯೋರು ಯಾರೂ ಇಲ್ದೇ ಇರೋದು. ಅಮೆರಿಕದಲ್ಲಿ ಎರಡ್ನೇ ಮಹಾಯುದ್ಧ ಆದ್ಮೇಲೆ ಜನರ ಕೈಲಿ ದುಡ್ಡು ಓಡಾಡೋಕ್ ಶುರುವಾದ್ರೂ ಕ್ರೈಮ್ ಯಾಕೆ ಏರ್ತು ಅಂತ ವಿವರಿಸೋಕೆ ಅವ್ರು ಮಾಡಿದ್ದು ಇದನ್ನ, ಹಗಲು ಮನೆ ಖಾಲಿ, ಟಿವಿಯಂಥ ಸಾಮಾನು ಹಗುರ ಆಗ್ತಾ ಹೋಯ್ತು, ಹೊತ್ಕೊಂಡ್ ಹೋಗೋದು ಸಲೀಸು. ಈಗ ಫೋನ್ ತೂಕ ನೀವೇ ಲೆಕ್ಕ ಹಾಕಿ.

ಮರ್ಟನ್ ಹತ್ರ ಹೋದ್ರೆ ಅವ್ನು ಫೋನ್ ಮೇಲೆ ಬೆರಳಿಡ್ತಾನೆ. ಎಲ್ಲರಿಗೂ ಒಂದೇ ಕನಸು ತೋರ್ಸಿ, ಅಲ್ಲಿಗೆ ಹೋಗೋ ದಾರಿನ ಮಾತ್ರ ಕೆಲವ್ರಿಗೇ ಕೊಟ್ರೆ ಉಳಿದೋರು ಅಡ್ಡದಾರಿ ಹುಡುಕ್ತಾರೆ ಅನ್ನೋದು ಅವ್ನ ವಾದ. ಸದರ್ಲ್ಯಾಂಡ್ ಕೇಳೋದು ಕೈಚಳಕ ಯಾರು ಕಲಿಸಿದ್ರು, ಕದ್ದಿದ್ದನ್ನ ಎಲ್ಲಿ ಮಾರೋದು ಅಂತ ಯಾರು ಹೇಳ್ಕೊಟ್ರು ಅಂತ. ಹರ್ಷಿ ಪ್ರಶ್ನೆನೇ ತಿರುಗಿಸ್ತಾನೆ, ಅದೇ ಬಸ್ಸಲ್ಲಿ ಇನ್ನೂ ಅದೇ ವಯಸ್ಸಿನ ಹುಡುಗರಿದ್ರಲ್ಲ ಅವ್ರು ಯಾಕೆ ಕದೀಲಿಲ್ಲ, ಅವ್ರನ್ನ ಏನು ಹಿಡಿದಿಟ್ಟಿತ್ತು? ಶಾ ಮತ್ತು ಮೆಕೆ ಅವ್ನು ಇರೋ ಏರಿಯಾ ಮ್ಯಾಪ್ ತೆಗೀತಾರೆ. ಶಿಕಾಗೋದಲ್ಲಿ ಅವ್ರು ಕಂಡ್ಕೊಂಡಿದ್ದು ಏನಂದ್ರೆ ವಲಸೆ ಬಂದ ಒಂದು ಗುಂಪು ಆ ಬಡಾವಣೆ ಬಿಟ್ಟು ಇನ್ನೊಂದು ಗುಂಪು ಬಂದ್ರೂ ಅಲ್ಲಿನ ಅಪರಾಧದ ದರ ಮೇಲೇ ಇರ್ತಿತ್ತು, ಅಂದ್ಮೇಲೆ ದೋಷ ಜನಾಂಗದ್ದಾ, ಜಾಗದ್ದಾ? ಇನ್ನು ಬೆಕರ್ ಬಂದ್ರೆ ಕಳ್ಳತನ ಆಗೋವರೆಗೂ ಅವನಿಗೆ ಆಸಕ್ತಿನೇ ಕಮ್ಮಿ, ಸಿಕ್ಕಿಬಿದ್ಮೇಲೆ ಏನಾಯ್ತು ಅನ್ನೋದೇ ಕಥೆ. ಕಳ್ಳ ಅನ್ನೋ ಹಣೆಪಟ್ಟಿ ಬಿದ್ಮೇಲೆ ಕಾಲೇಜು, ಕೆಲಸ, ಸ್ನೇಹ ಎಲ್ಲಾ ಬಾಗಿಲು ಹಾಕ್ಕೊಂಡ್ರೆ ಆ ಪಟ್ಟಿನೇ ಅವನಿಗೆ ಉಳಿಯೋ ಗುರುತು.

ಇಲ್ಲೀವರೆಗೂ ಪ್ರಶ್ನೆ ಹುಡುಗನ ಸುತ್ತ. ಈಗ ಸೋಷಿಯಾಲಜಿ ಕಡೆಯಿಂದ ಇನ್ನೂ ಒಂದು ಪ್ರಶ್ನೆ ಹಾಕಿ. ಒಬ್ಬ ಮಾಲೀಕ ತನ್ನ ಕೆಲಸದವ್ನಿಗೆ ಆ ಫೋನಿನ ಬೆಲೆಯಷ್ಟೇ ಸಂಬಳ ಹಿಡ್ಕೊಂಡ, ಕೊಡ್ಲೇ ಇಲ್ಲ. ಹೋದ ದುಡ್ಡು ಒಂದೇ. ಒಂದಕ್ಕೆ ಪೊಲೀಸ್ ಬರ್ತಾರೆ, ಇನ್ನೊಂದಕ್ಕೆ ಸಾಮಾನ್ಯವಾಗಿ ಅರ್ಜಿ, ನೋಟಿಸು, ತಿಂಗಳುಗಟ್ಟಲೆ ಓಡಾಟ. ಯಾವುದನ್ನ ಅಪರಾಧ ಅಂತ ಕರೀಬೇಕು ಅಂತ ಯಾರು ತೀರ್ಮಾನ ಮಾಡಿದ್ರು? ಈ ಜಾಗದಲ್ಲೇ ಎರಡು ಶಾಸ್ತ್ರನೂ ಸೇರೋದು, ನೀವು ಬರೆಯೋ ಒಳ್ಳೊಳ್ಳೆ ಅಸೈನ್‌ಮೆಂಟ್ ಎಲ್ಲಾ ಹುಟ್ಟೋದು ಇಲ್ಲೇ.

ಆಮೇಲೆ ಹುಡುಗನ ವಯಸ್ಸು ನೋಡಿ. ವಯಸ್ಸಿಗೂ ಅಪರಾಧಕ್ಕೂ ಗ್ರಾಫ್ ಹಾಕಿದ್ರೆ ಹದಿಹರೆಯದ ಕೊನೆ, ಇಪ್ಪತ್ತರ ಆಸುಪಾಸು ಮೇಲೇರಿ ಆಮೇಲೆ ಇಳಿಯತ್ತೆ, ಬಹುಪಾಲು ಜನ ತಾವಾಗೇ ನಿಲ್ಲಿಸ್ತಾರೆ. ಯಾಕೆ ನಿಲ್ಲಿಸ್ತಾರೆ ಅಂತ ಸ್ಯಾಂಪ್ಸನ್ ಮತ್ತು ಲಾಬ್ ಹುಡುಕಿದ್ರು, ಬಾಸ್ಟನ್ ಕಡೆ ದಶಕಗಳ ಹಿಂದೆ ಗ್ಲೂಕ್ ದಂಪತಿ 500 ತಪ್ಪಿತಸ್ಥ ಹುಡುಗರು, 500 ಬೇರೆ ಹುಡುಗರ ಮೇಲೆ ಕೂಡಿಟ್ಟಿದ್ದ ಹಳೇ ಫೈಲುಗಳನ್ನ ಮತ್ತೆ ಬಿಚ್ಚಿ. ಸ್ಥಿರವಾದ ಕೆಲಸ, ಒಳ್ಳೇ ದಾಂಪತ್ಯ ಇಂಥವು ತಿರುವು ಕೊಡ್ತವೆ ಅಂತ 1993ರಲ್ಲಿ ಬರೆದ್ರು. ಈಗ ಇದನ್ನ ಬೆಕರ್ ಪಕ್ಕ ಇಡಿ: ಪಟ್ಟಿ ಹಚ್ಚಿ ಕೆಲಸ ಸಿಗದ ಹಾಗೆ ಮಾಡಿದ್ರೆ ತಿರುವು ಎಲ್ಲಿಂದ ಬರ್ಬೇಕು? ನಿಮ್ಮ ಎಸ್ಸೇ ರೆಡಿ.

ಪ್ರತಿ ಸೆಮಿಸ್ಟರಿಗೂ ಇಂಥ ಒಂದು ಕೇಸ್ ಆರಿಸ್ಕೊಳ್ಳಿ. ಆನ್‌ಲೈನ್ ವಂಚನೆ, ಮನೆಯೊಳಗಿನ ಹಿಂಸೆ, ಕಾರ್ಖಾನೆ ಹೊಳೆಗೆ ವಿಷ ಬಿಡೋದು, ಏನಾದ್ರೂ ಸರಿ. ಎಲ್ಲಾ ಥಿಯರಿನೂ ಎಲ್ಲಾ ಕೇಸಿಗೂ ಒಗ್ಗಲ್ಲ, ಎಲ್ಲಿ ಒಗ್ಗಲ್ವೋ ಅಲ್ಲಿ ನೋಟ್ ಮಾಡ್ಕೊಳ್ಳಿ, ಅದಕ್ಕೇ ಅಂಕ ಸಿಗೋದು.

ನಾಲ್ಕ್ನೇದು: ಅಂಕಿಅಂಶ ಅಂದ್ರೆ ಓಡಬೇಡಿ

ಗಣಿತ ಬರಲ್ಲ ಅಂತಾನೇ ಆರ್ಟ್ಸ್ ತಗೊಂಡೆ ಅನ್ನೋರು ಬಹಳ ಇದ್ದಾರೆ, ಪರವಾಗಿಲ್ಲ, ಇಲ್ಲಿ ಬೇಕಾಗಿರೋದು ಗುಮಾನಿ. ಪೇಪರಲ್ಲಿ ಅಪರಾಧ ಏರಿಕೆ ಅಂತ ಹೆಡ್‌ಲೈನ್ ಬಂದ್ರೆ ಮೊದಲು ಕೇಳಿ, ಇದು ಪೊಲೀಸ್ ದಾಖಲೆನಾ ಅಥವಾ ಜನರನ್ನೇ ಕೇಳಿ ಮಾಡಿದ ಸರ್ವೇನಾ. ದೂರು ಕೊಡದೇ ಇರೋ ಅಪರಾಧ, ದೂರು ಕೊಟ್ರೂ ಬರ್ಕೊಳ್ಳದೇ ಇರೋ ಅಪರಾಧ ಪೊಲೀಸ್ ಲೆಕ್ಕದಲ್ಲಿ ಬರಲ್ಲ. ಅದಕ್ಕೇ ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ಮನೆಮನೆಗೆ ಕೇಳೋ ಸಂತ್ರಸ್ತರ ಸರ್ವೇ ನಡೀತಿರೋದು. ಅದಕ್ಕೂ ಮಿತಿ ಇದೆ, ಕೊಲೆ ಅದರಲ್ಲಿ ಬರಲ್ಲ, ಯಾಕೆ ಅಂತ ಒಂದ್ ನಿಮಿಷ ಯೋಚಿಸಿದ್ರೆ ಹೊಳೆಯತ್ತೆ.

ಎರಡ್ನೇ ಪ್ರಶ್ನೆ, ಎಣಿಸೋ ನಿಯಮ ಬದಲಾಯ್ತಾ? ಇಂಗ್ಲೆಂಡ್, ವೇಲ್ಸ್‌ನಲ್ಲಿ 2002ರಲ್ಲಿ ದೂರುದಾರರು ಹೇಳಿದ್ದನ್ನ ಹೆಚ್ಚುಕಮ್ಮಿ ಹಾಗೇ ದಾಖಲಿಸ್ಬೇಕು ಅನ್ನೋ ಹೊಸ ಮಾನದಂಡ ಬಂದ್ಮೇಲೆ ದಾಖಲಾದ ಹಿಂಸೆಯ ಸಂಖ್ಯೆ ಮೇಲೆ ಹೋಯ್ತು, ಅದರಲ್ಲಿ ಒಂದಷ್ಟು ಪಾಲು ಬರೀ ಬರ್ಕೊಳ್ಳೋ ರೀತಿದು. 2014ರಲ್ಲಂತೂ ಅಲ್ಲಿನ ಪೊಲೀಸ್ ಅಂಕಿಗಳಿಗೆ ಇದ್ದ ರಾಷ್ಟ್ರೀಯ ಅಂಕಿಅಂಶ ಅನ್ನೋ ಮಾನ್ಯತೆನೇ ವಾಪಸ್ ತಗೊಂಡ್ರು.

ಮೂರ್ನೇದು ದರ. ಒಂದು ಊರಲ್ಲಿ 400 ಕೇಸು, ಇನ್ನೊಂದರಲ್ಲಿ 900. ಎರಡ್ನೇದು ಡೇಂಜರ್ ಅನ್ಸತ್ತೆ ತಾನೇ? ಮೊದಲ್ನೇದರ ಜನಸಂಖ್ಯೆ 2 ಲಕ್ಷ, ಎರಡ್ನೇದು 6 ಲಕ್ಷ ಅಂದ್ರೆ ಲಕ್ಷಕ್ಕೆ 200 ಮತ್ತು 150, ಕಥೆ ಉಲ್ಟಾ. ಇಷ್ಟು ಭಾಗಾಕಾರ ಬಂದ್ರೆ ಟಿವಿ ಡಿಬೇಟಲ್ಲಿ ಕೂರೋ ಅರ್ಧ ಜನರಿಗಿಂತ ನೀವು ಮುಂದೆ. ವಾರಕ್ಕೊಂದು ಸುದ್ದಿ ಕತ್ತರಿಸಿಟ್ಕೊಂಡು ಈ ಮೂರು ಪ್ರಶ್ನೆ ಹಾಕಿ ಬರೀರಿ, ಮೆಥಡ್ಸ್ ಪೇಪರಿಗೆ ಬೇರೆ ತಯಾರಿ ಅಷ್ಟಾಗಿ ಬೇಕಾಗಲ್ಲ. ಎಕ್ಸೆಲ್ ಜೊತೆಗೆ ಅಂಕಿಅಂಶದ ಸಾಫ್ಟ್‌ವೇರ್‌ಗಳಾದ ಆರ್ ಅಥವಾ ಎಸ್‌ಪಿಎಸ್‌ಎಸ್ ಒಂದನ್ನ ಕೈ ಹಿಡಿಯೋ ಮಟ್ಟಕ್ಕೆ ಕಲ್ತುಬಿಡಿ.

ಐದ್ನೇದು: ಕೋರ್ಟಿಗೆ ಹೋಗಿ ಕೂರಿ, ಡಿಸರ್ಟೇಶನ್ ಬಗ್ಗೆ ಬೇಗ ಯೋಚಿಸಿ

ಎಷ್ಟೋ ಕಡೆ ಕ್ರಿಮಿನಲ್ ಕೋರ್ಟಿನ ವಿಚಾರಣೆ ಸಾರ್ವಜನಿಕರಿಗೆ ತೆರೆದಿರತ್ತೆ, ನಿಯಮ ವಿಚಾರಿಸ್ಕೊಂಡು, ಫೋನ್ ಆಫ್ ಮಾಡಿ ಹಿಂದೆ ಕೂರಿ. ಯಾರು ಎಷ್ಟು ಹೊತ್ತು ಮಾತಾಡಿದ್ರು, ಆರೋಪಿ ಬಾಯಿಂದ ಎಷ್ಟು ಪದ ಬಂತು, ಒಂದೊಂದು ಕೇಸು ಎಷ್ಟು ನಿಮಿಷದಲ್ಲಿ ಮುಂದಕ್ಕೆ ಹೋಯ್ತು ಅಂತ ಬರ್ಕೊಳ್ಳಿ. ಸಿನಿಮಾ ಕೋರ್ಟಿಗೂ ಇದಕ್ಕೂ ಅಜಗಜಾಂತರ, ಮುಕ್ಕಾಲು ಪಾಲು ಬರೀ ಕಾಯೋದೇ.

ಡಿಸರ್ಟೇಶನ್‌ಗೆ ಕೈದಿಗಳನ್ನ ಇಂಟರ್ವ್ಯೂ ಮಾಡ್ತೀನಿ ಅಂತ ಹೊರಡೋದು ಎಲ್ಲರಿಗೂ ಇರೋ ಆಸೆ. ಡಿಗ್ರಿ ಲೆವೆಲ್ಲಲ್ಲಿ ಅದಕ್ಕೆ ಜೈಲಿನ ಪರ್ಮಿಷನ್, ಎಥಿಕ್ಸ್ ಕಮಿಟಿ (ಸಂಶೋಧನೆಯಿಂದ ಯಾರಿಗೂ ಹಾನಿಯಾಗ್ದಂಗೆ ನೋಡೋ ಸಮಿತಿ) ಒಪ್ಪಿಗೆ ಎರಡೂ ಸಿಗೋ ಹೊತ್ತಿಗೆ ವರ್ಷನೇ ಮುಗಿದಿರತ್ತೆ. ಅದರ ಬದ್ಲು ಆಗ್ಲೇ ಇರೋ ಸರ್ವೇ ಡೇಟಾ, ಕೋರ್ಟ್ ತೀರ್ಪುಗಳು, ಪತ್ರಿಕೆ ವರದಿಗಳು, ಇಲ್ಲಾ ಸಂಬಂಧಪಟ್ಟ ಸಂಸ್ಥೆಗಳಲ್ಲಿ ಕೆಲಸ ಮಾಡೋರ ಇಂಟರ್ವ್ಯೂ ಇವು ಕೈಗೆಟುಕೋ ದಾರಿ. ಇಂಟರ್ವ್ಯೂ ಮಾಡಿದ್ರೆ ಒಂದು ನೆನಪಿರ್ಲಿ, ಎಲ್ಲಾ ಗುಟ್ಟಾಗಿಡ್ತೀನಿ ಅಂತ ಮಾತು ಕೊಡ್ಬೇಡಿ, ಯಾರಿಗಾದ್ರೂ ಅಪಾಯ ಇದೆ ಅಂತ ಗೊತ್ತಾದ್ರೆ ಹೇಳ್ಲೇಬೇಕಾದ ಪರಿಸ್ಥಿತಿ ಬರ್ಬಹುದು, ಆ ಮಿತಿನ ಮೊದಲೇ ಅವರಿಗೆ ಹೇಳಿ. ಎಥಿಕ್ಸ್ ಫಾರ್ಮ್ ಯಾಕೆ ಅಷ್ಟು ಉದ್ದ ಅಂತ ಕೋಪ ಬಂದಾಗ ಅಮೆರಿಕದ ಸಮಾಜಶಾಸ್ತ್ರಜ್ಞ ಲಾಡ್ ಹಂಫ್ರೀಸ್ ಕೇಸ್ ಓದಿ, 1970ರಲ್ಲಿ ಪ್ರಕಟವಾಗಿದ್ದು, ಗುಟ್ಟಾಗಿ ಗಂಡಸರನ್ನ ಗಮನಿಸಿ, ಅವ್ರ ಕಾರ್ ನಂಬರ್ ಬರ್ಕೊಂಡು, ಆಮೇಲೆ ವೇಷ ಬದಲಿಸ್ಕೊಂಡು ಅವ್ರ ಮನೆಗೇ ಸರ್ವೇ ನೆಪದಲ್ಲಿ ಹೋದ ಸಂಶೋಧನೆ ಅದು.

ಆರ್ನೇದು: ಬರೆಯೋದು

ಒಂದೇ ಎಸ್ಸೇನ ಎರಡೂ ಕಡೆ ಕೊಡೋ ಹಾಗಿಲ್ಲ, ಅದು ನಿಮ್ಮದೇ ಬರಹ ಆದ್ರೂ ಕಳ್ಳತನದ ಲೆಕ್ಕಕ್ಕೇ ಬರತ್ತೆ, ಸಾಫ್ಟ್‌ವೇರ್ ಹಿಡಿಯತ್ತೆ. ಆದ್ರೆ ಓದಿದ್ದನ್ನ ಎರಡು ಕಡೆ ಬಳಸೋಕೆ ಯಾರ ಅಡ್ಡಿನೂ ಇಲ್ಲ. ಜೈಲಿನ ಬಗ್ಗೆ ಸೋಷಿಯಾಲಜಿಗೆ ಬರೆದ್ರೆ ಫೂಕೋ ಇಟ್ಕೊಂಡು ಕಣ್ಗಾವಲು, ಶಿಸ್ತು, ಅಧಿಕಾರ ಶಾಲೆಗೂ ಆಸ್ಪತ್ರೆಗೂ ಹೇಗೆ ಹಬ್ತು ಅಂತ ಬೆಳೆಸ್ಬಹುದು, ಕ್ರಿಮಿನಾಲಜಿಗೆ ಅದೇ ಓದಿನ ಮೇಲೆ ಜೈಲಿಂದ ಬಂದೋರು ಮತ್ತೆ ಅಪರಾಧ ಮಾಡೋದು ಯಾವುದರಿಂದ ಕಮ್ಮಿಯಾಗತ್ತೆ, ಸಾಕ್ಷ್ಯ ಏನಿದೆ ಅಂತ ಹೋಗ್ಬೇಕು. ಕ್ರಿಮಿನಾಲಜಿ ಮೇಷ್ಟ್ರಿಗೆ ಸಾಮಾನ್ಯವಾಗಿ ಸಾಕ್ಷ್ಯ, ನೀತಿ ಬೇಕು, ಸೋಷಿಯಾಲಜಿ ಮೇಷ್ಟ್ರಿಗೆ ವಾದದ ಆಳ ಬೇಕು. ಮಾರ್ಕಿಂಗ್ ಶೀಟ್ ಮೊದಲೇ ತರಿಸ್ಕೊಂಡು ಓದಿ. ಡರ್ಕೈಮ್ ಹೀಗೆ ಅಂದ, ಮರ್ಟನ್ ಹೀಗೆ ಅಂದ ಅಂತ ಬರೀ ಸರತಿ ಸಾಲು ಬರೀಬೇಡಿ, ಇಬ್ಬರನ್ನ ಎದುರುಬದುರು ಕೂರಿಸಿ.

ಓದೋ ವಿಷಯ ಭಾರ ಆಗತ್ತೆ, ಅದನ್ನೂ ಹೇಳ್ಬಿಡ್ತೀನಿ. ಲೈಂಗಿಕ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ ಬರೋ ವಾರಗಳು ಯಾವುದು ಅಂತ ಸಿಲಬಸಲ್ಲಿ ನೋಡಿಟ್ಕೊಳ್ಳಿ, ರಾತ್ರಿ ಮಲಗೋ ಮುಂಚೆ ಅದನ್ನ ಓದ್ಬೇಡಿ, ಸ್ವಂತ ಅನುಭವ ಇದ್ರೆ ಟ್ಯೂಟರ್ ಹತ್ರ ಮೊದಲೇ ಮಾತಾಡಿ.

ಕೊನೇದು: ಕೆಲಸ

ಡಿಗ್ರಿ ಮುಗಿದ ತಕ್ಷಣ ಪ್ರೊಫೈಲರ್ (ಸುಳಿವು ನೋಡಿ ಅಪರಾಧಿ ಎಂಥವ್ನು ಅಂತ ಊಹಿಸೋನು) ಆಗ್ತೀನಿ ಅನ್ನೋದನ್ನ ಬಿಟ್ಬಿಡಿ, ಆ ಕೆಲಸಗಳು ಬೆರಳೆಣಿಕೆ, ಇರೋವೂ ಅನುಭವಿ ಪೊಲೀಸರಿಗೆ, ಸೈಕಾಲಜಿಲಿ ಮೇಲಿನ ಓದು ಮಾಡಿದೋರಿಗೆ ಹೋಗ್ತವೆ. ನಿಜವಾಗ್ಲೂ ದಾರಿ ಇರೋದು ಸಂತ್ರಸ್ತರಿಗೆ ನೆರವಾಗೋ ಸಂಸ್ಥೆಗಳು, ಪ್ರೊಬೇಷನ್ (ಜೈಲಿನ ಬದ್ಲು ಹೊರಗೇ ನಿಗಾದಲ್ಲಿಡೋ ವ್ಯವಸ್ಥೆ), ಬಾಲನ್ಯಾಯ, ಜೈಲಿನ ಪುನರ್ವಸತಿ, ಪೊಲೀಸ್ ಇಲಾಖೆಯ ಡೇಟಾ ವಿಶ್ಲೇಷಣೆ, ಸಂಶೋಧನೆ, ನೀತಿ ರೂಪಿಸೋ ಕಡೆ, ಬ್ಯಾಂಕುಗಳ ವಂಚನೆ ತನಿಖಾ ವಿಭಾಗ. ಸೋಷಿಯಲ್ ವರ್ಕು, ವಕೀಲಿಕೆಗೆ ಬೇರೆ ಅರ್ಹತೆ ಬೇಕು, ಈ ಡಿಗ್ರಿ ಒಂದೇ ಸಾಕಾಗಲ್ಲ, ಆಯಾ ದೇಶದ ನಿಯಮ ಎರಡ್ನೇ ವರ್ಷದಲ್ಲೇ ನೋಡ್ಕೊಳ್ಳಿ. ಎರಡ್ನೇ ವರ್ಷದ ರಜೆಲಿ ಇಂಥ ಯಾವ್ದಾದ್ರೂ ಒಂದು ಸಂಸ್ಥೆಲಿ ವಾಲಂಟಿಯರ್ ಆಗಿ, ಅರ್ಜಿ ಹಾಕೋಕೆ ಮಾತ್ರ ತುಂಬಾ ಮುಂಚೆನೇ ಶುರು ಮಾಡಿ, ಹಿನ್ನೆಲೆ ತಪಾಸಣೆ ಪೇಪರು ಬರೋಕೇ ವಾರಗಟ್ಟಲೆ ಹಿಡಿಯತ್ತೆ.